ಜಾಝ್‌ನ ಗಂಧಗಾಳಿ ಇಲ್ಲದವರು ವಿಲೇಜ್ ವ್ಯಾನ್‌ಗಾರ್ಡ್‌ಗೆ ಹೋಗಬಹುದೇ?

ಧಾರಾಳವಾಗಿ ಹೋಗಿ. ಕರ್ನಾಟಕ ಸಂಗೀತ ಕೇಳಿ ಬೆಳೆದವನಿಗೆ ನ್ಯೂಯಾರ್ಕಿನ ಆ ಜಾಝ್ ಕ್ಲಬ್ಬಿನಲ್ಲಿ ಕ್ವಾರ್ಟೆಟ್ (ನಾಲ್ವರ ತಂಡ) ಕೇಳಿದರೆ ಏನಾದರೂ ದಕ್ಕೀತೇ ಎಂಬುದು ನಿಮ್ಮ ಪ್ರಶ್ನೆ. ತೊಡೆಯ ಮೇಲೆ ತಾಳ ಹಾಕುತ್ತ ಕೇಳುವವರಿಗೆ ಅರ್ಧ ದಾರಿ ಆಗಲೇ ಸವೆದಿದೆ.

ಸೆವೆಂತ್ ಅವೆನ್ಯೂ ಸೌತ್‌ನ ಕೆಂಪು ಬಾಗಿಲು ದಾಟಿ ಕಡಿದಾದ ಮೆಟ್ಟಿಲು ಇಳಿಯಬೇಕು. 1935ರಿಂದಲೂ ಕ್ಲಬ್ಬು ಇದೇ ನೆಲಮಾಳಿಗೆಯಲ್ಲಿದೆ. ಹಿಡಿಸುವುದು ಸುಮಾರು 120 ಜನ. ಕೋಣೆ ಬೆಣೆಯಂತೆ ಕಿರಿದಾಗುತ್ತ ಹೋಗಿ, ಆ ತುದಿಯಲ್ಲಿ ವೇದಿಕೆ. ಊಟ ಸಿಗುವುದಿಲ್ಲ, ಪಾನೀಯ ಮಾತ್ರ. ಮೊಬೈಲ್ ತೆಗೆದರೆ, ಪಿಸುಗುಟ್ಟಿದರೆ ತಕ್ಷಣ ತಡೆಯುತ್ತಾರೆ. ನಮ್ಮ ಸಭೆಗಳಲ್ಲೂ ಇಂಥ ಶಿಸ್ತು ಇದ್ದಿದ್ದರೆ!

ನಿಮ್ಮನ್ನು ಮೊದಲು ಗಲಿಬಿಲಿಗೊಳಿಸುವುದು ಶ್ರುತಿ. ಅಲ್ಲಿ ತಂಬೂರಿ ಇಲ್ಲ, ಆಧಾರ ಷಡ್ಜ ಒಂದೆಡೆ ನಿಲ್ಲುವುದಿಲ್ಲ. ಕಾರ್ಡ್‌ಗಳು, ಅಂದರೆ ಒಟ್ಟಿಗೇ ನುಡಿಯುವ ಸ್ವರಗಳ ಗೊಂಚಲುಗಳು, ಬದಲಾದಂತೆ ಕಾಲಡಿಯ ನೆಲವೇ ಸರಿಯುತ್ತದೆ. ಆದ್ದರಿಂದ ನನ್ನದು ಒಂದೇ ಸಲಹೆ: ಸ್ಯಾಕ್ಸೊಫೋನ್ ಬಿಟ್ಟು ಬಾಸ್ ಎಂಬ ತಂತಿವಾದ್ಯದ ಜಾಡು ಹಿಡಿಯಿರಿ. ಆಳೆತ್ತರದ ಆ ವಾದ್ಯದವನು ಮಾತ್ರೆಗೊಂದು ಸ್ವರ ಮೀಟುತ್ತ, ಹಾಡು ಈಗ ಎಲ್ಲಿದೆ ಎಂದು ಹೇಳುತ್ತಲೇ ಇರುತ್ತಾನೆ. ಹಳೆಯ ಹಾಡುಗಳಲ್ಲಿ ಬಹುಪಾಲಿನವು 32 ಬಾರ್‌ಗಳ ಆವರ್ತನ; ಒಂದು ಬಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ಮಾತ್ರೆ. ಮೊದಲು ಎಲ್ಲರೂ ಸೇರಿ ಹಾಡಿನ ಧಾಟಿಯನ್ನು ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರೂ ಅದೇ ಆವರ್ತನದ ಮೇಲೆ ಮನೋಧರ್ಮ ತೋರುತ್ತಾರೆ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಾರೆ, ಕೊನೆಗೆ ಮತ್ತೆ ಅದೇ ಧಾಟಿ.

ಅಲ್ಲಿಗೆ ಹೋದ ರಾತ್ರಿ ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಸ್ಯಾಕ್ಸೊಫೋನ್‌ನ ಕೀಲಿಗಳ ಟಕಟಕ, ವಾದಕ ಉಸಿರೆಳೆದುಕೊಳ್ಳುವ ಸದ್ದು ಎರಡೂ ಕೇಳಿಸುತ್ತಿದ್ದವು. ಪಿಯಾನೊದವನು ತನ್ನ ಸರದಿಯಲ್ಲಿ ಒಂದು ಪುಟ್ಟ ಲಯದ ತುಣುಕನ್ನು ಎರಡು ಸಲ ನುಡಿಸಿದ. ಮೂರನೆಯದನ್ನು ಅವನು ಬಿಟ್ಟುಕೊಟ್ಟ, ಡ್ರಮ್‌ನವನು ತುಂಬಿದ. ಬಾಸ್‌ನವನು ತಲೆಯೆತ್ತದೆ ನಕ್ಕ. ಹಿಂದಿನ ಸಾಲಿನಲ್ಲಿ ಯಾರೋ 'ಯೆಸ್' ಎಂದರು, ನಮ್ಮಲ್ಲಿ 'ಭಲೇ' ಎಂದ ಹಾಗೆ. ಆಮೇಲೆ ನಾಲ್ಕು ನಾಲ್ಕು ಬಾರ್‌ಗಳಲ್ಲಿ ಡ್ರಮ್‌ನೊಡನೆ ಸವಾಲ್ ಜವಾಬ್ ನಡೆಯಿತು. ನಮ್ಮ ಕಛೇರಿಗಳಲ್ಲಿ ತಾಳವಾದ್ಯದವರ ತನಿ ಆವರ್ತನ ಕೇಳಿದವರಿಗೆ ಅದನ್ನು ವಿವರಿಸಬೇಕಿಲ್ಲ.

ಸ್ಯಾಕ್ಸೊಫೋನ್ ಎಂದರೆ ನಮಗೆ ಕದ್ರಿ ಗೋಪಾಲನಾಥ್. ಅವರ ಗಮಕದ ನುಣುಪನ್ನು ಅಲ್ಲಿ ಹುಡುಕಬೇಡಿ. ಗೊಗ್ಗರು, ಚೀರಾಟ, ಬರೀ ಗಾಳಿ ಎಲ್ಲವೂ ಅಲ್ಲಿ ನಾದವೇ. 1961ರ ನವೆಂಬರ್‌ನಲ್ಲಿ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಇದೇ ವೇದಿಕೆಯಲ್ಲಿ ನುಡಿಸಿದ್ದರ ಧ್ವನಿಮುದ್ರಣಗಳಿವೆ, ಹೊರಡುವ ಮುನ್ನ ಕೇಳಿ. ಸಿತಾರ್ ವಾದಕ ರವಿಶಂಕರ್ ಮೇಲಿನ ಅಭಿಮಾನದಿಂದ ಮಗನಿಗೆ ರವಿ ಎಂದು ಹೆಸರಿಟ್ಟವನು ಆತ.

ಚಪ್ಪಾಳೆಯ ಬಗ್ಗೆಯೂ ಕೇಳಿದ್ದೀರಿ. ಒಬ್ಬೊಬ್ಬರ ಸರದಿ ಮುಗಿದಾಗಲೂ ತಟ್ಟಬಹುದು. ಕೂರುವುದಾದರೆ ಡ್ರಮ್‌ನಿಂದ ದೂರವಿರಿ, ಅದರ ಸಿಂಬಲ್ ಎಂಬ ಲೋಹದ ತಟ್ಟೆಯ ಸದ್ದು ಬಾಸನ್ನು ನುಂಗಿಬಿಡುತ್ತದೆ. ಟಿಕೆಟನ್ನು ಮುಂಗಡ ಕಾದಿರಿಸಿ. ಸೋಮವಾರ ಮಾತ್ರ ಬೇಡ: 1966ರಿಂದ ಆ ರಾತ್ರಿ 16 ಜನರ ಆರ್ಕೆಸ್ಟ್ರಾದ್ದು. ಅದೂ ಸೊಗಸೇ, ಆದರೆ ನಿಮಗೆ ಬೇಕಿರುವುದು ಕ್ವಾರ್ಟೆಟ್.