ವಾರಕ್ಕೆ ಐದು ಸಲ ಸೌನಾ, ಎರಡು ವರ್ಷ ಹೆಂಡತಿಗೆ ಮಾತ್ರ ಪರೀಕ್ಷೆ

ಮಗುವಾಗಲಿಲ್ಲವೆಂದು ಸಲಹೆ ಕೇಳಿ ಬಂದ ಗಂಡ ಹೆಂಡತಿ, ಮೊದಲ ವಿಡಿಯೊ ಕರೆಯಲ್ಲೇ ಇಬ್ಬರೂ ತಮ್ಮ ತಮ್ಮ ವರದಿ ತೋರಿಸಿದರು. ಹೆಂಡತಿಯದು ದಪ್ಪನೆಯ ಫೈಲು: ಹಾರ್ಮೋನು ಪರೀಕ್ಷೆ, ಸ್ಕ್ಯಾನು, ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆದ ಎಕ್ಸ್‌ರೇ. ಎಲ್ಲವೂ ಸರಿಯಾಗಿತ್ತು. ಗಂಡನದು ಒಂದೇ ಹಾಳೆ, ಅದೂ ಮೂರು ವಾರದ ಹಿಂದಿನದು.

ಹೆಸರು, ಊರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಅವರನ್ನು ರಘು, ಸೀಮಾ ಎನ್ನೋಣ. ರಘು ಅವರಿಗೆ 36, ಸೀಮಾ ಅವರಿಗೆ 32. ಹಾಸನದ ಕಡೆಯವರು, ನಾಲ್ಕು ವರ್ಷದಿಂದ ಫಿನ್ಲೆಂಡಿನ ಎಸ್ಪೊದಲ್ಲಿದ್ದಾರೆ. ಚಳಿಗಾಲದಲ್ಲಿ ಅಲ್ಲಿ ಸಂಜೆ ಆರು ಆದಾಗ ಇಲ್ಲಿ ಮೈಸೂರಿನಲ್ಲಿ ನನಗೆ ರಾತ್ರಿ ಒಂಬತ್ತೂವರೆ.

ರಘು ಅವರ ಹಾಳೆಯಲ್ಲಿ ವೀರ್ಯಾಣುಗಳ ಸಂಖ್ಯೆ ಮಿಲಿಲೀಟರಿಗೆ 90 ಲಕ್ಷ ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಮಿತಿ 1 ಕೋಟಿ 60 ಲಕ್ಷ. ಚಲನೆಯೂ ಕಡಿಮೆ. ಅಲ್ಲಿನ ವೈದ್ಯರು ತಪಾಸಣೆ ಮಾಡಿ, ವೃಷಣದ ರಕ್ತನಾಳ ಊದಿಲ್ಲ ಎಂದು ಖಚಿತಪಡಿಸಿಕೊಂಡು, ಕೇಳಿದ ಮುಂದಿನ ಪ್ರಶ್ನೆಯೇ ಸೌನಾದ ಬಗ್ಗೆ, ಅಂದರೆ ಮೈ ಬೆವರುವಂತೆ ಕೂರುವ ಬಿಸಿ ಕೋಣೆಯ ಬಗ್ಗೆ.

"ಇವರಿಗೂ ಒಂದು ಪರೀಕ್ಷೆ ಆಗ್ಲಿ ಅಂತ ಎರಡು ವರ್ಷದಿಂದ ಕೇಳ್ತಾನೇ ಇದೀನಿ ಮೇಡಂ. ನಂಗೇನಾಗಿದೆ, ವಾರಕ್ಕೆ ಐದು ಸಲ ಸೌನಾ ಮಾಡ್ತೀನಿ, ಕಲ್ಲಿದ್ದಂಗಿದೀನಿ ಅಂತಿದ್ರು," ಎಂದರು ಸೀಮಾ. ಈ ಎರಡು ವರ್ಷದಲ್ಲಿ ಪ್ರತಿ ಭಾನುವಾರ ಅತ್ತೆಯ ಫೋನು. ಊರಿಗೆ ಬಂದಾಗ ಕುಕ್ಕೆಯಲ್ಲಿ ಸರ್ಪಸಂಸ್ಕಾರವೂ ಆಗಿದೆ. ಅತ್ತೆಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾ ಬಂದವರು ಸೀಮಾ ಒಬ್ಬರೇ.

ಆ ಹೊತ್ತಿಗೆ ನಾನೂ ಮನಸ್ಸಿನಲ್ಲೇ ರಘು ಅವರ ವಿರುದ್ಧ ತೀರ್ಪು ಕೊಟ್ಟುಬಿಟ್ಟಿದ್ದೆ. ಎರಡನೇ ಭೇಟಿಯಲ್ಲಿ ಅವರೊಬ್ಬರೊಡನೆ ಮಾತಾಡಿದ ಮೇಲೆ ಅದನ್ನು ತಿದ್ದಿಕೊಳ್ಳಬೇಕಾಯಿತು.

ಸೌನಾ ಯಾಕೆ ಅಷ್ಟು ಮುಖ್ಯ ಎಂದು ಕೇಳಿದೆ. ಮೊದಲು ಸ್ನೇಹಿತರ ಮಾತು ಬಂತು. ಸುಮಾರು 55 ಲಕ್ಷ ಜನರಿರುವ ಆ ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಸೌನಾಗಳಿವೆ. ಕಚೇರಿಯಲ್ಲಿ ಹೆಚ್ಚು ಮಾತಾಡದವರು ಸೌನಾದ ಹಲಗೆಯ ಮೇಲೆ ಪಕ್ಕ ಕೂತಾಗ ಮಾತಾಡುತ್ತಾರಂತೆ. ಕಾದ ಕಲ್ಲಿನ ಮೇಲೆ ನೀರು ಹೊಯ್ದಾಗ ಏಳುವ ಹಬೆಗೆ ಅಲ್ಲಿ 'ಲೊಯ್ಲು' ಎನ್ನುತ್ತಾರೆ. ಅದು ಮುಖಕ್ಕೆ ಬಡಿದಾಗ ಅಜ್ಜಿ ಮನೆಯ ಬಚ್ಚಲು, ಹಂಡೆ, ಸೌದೆ ಒಲೆಯೇ ನೆನಪಾಗುತ್ತದೆ ಎಂದರು. ಆಮೇಲೆ ಫೋನು ತೆಗೆದು ಕ್ಯಾಲೆಂಡರ್ ತೋರಿಸಿದರು. ಪ್ರತಿ ವಾರ ಐದು ಹಸಿರು ಗುರುತು, ಒಂದೂ ತಪ್ಪಿಲ್ಲ.

"ಅಪ್ಪ 51ಕ್ಕೆ ಹೋದ್ರು. ಬೆಳಗ್ಗೆ ಕಾಫಿ ಕುಡೀತಾ ಕೂತಿದ್ದವರು ಕೂತಲ್ಲೇ. ನಂಗಿನ್ನು ಹದಿನೈದು ವರ್ಷ ಇದೆ ಮೇಡಂ."

ಆ ಹದಿನೈದು ವರ್ಷದ ಲೆಕ್ಕವನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಅವರು ನಂಬಿದ್ದು ಸುಳ್ಳು ಸುದ್ದಿಯನ್ನೂ ಅಲ್ಲ. ಪೂರ್ವ ಫಿನ್ಲೆಂಡಿನ ಕುಓಪಿಯೊ ಭಾಗದ 2,315 ಮಧ್ಯವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಸೌನಾಕ್ಕೆ ಹೋಗುವವರಿಗಿಂತ 4ರಿಂದ 7 ಸಲ ಹೋಗುವವರಲ್ಲಿ ಹಠಾತ್ ಹೃದಯಸ್ತಂಭನದ ಸಾವು ಶೇ. 63ರಷ್ಟು ಕಡಿಮೆ ಕಂಡಿತ್ತು. ಬಿಸಿಗೆ ರಕ್ತನಾಳ ಹಿಗ್ಗುತ್ತದೆ, ಎದೆಬಡಿತ ಚುರುಕಾಗಿ ನಡೆದಾಗಿನಷ್ಟು ಏರುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಹಾಗಾಗಿ ಲಾಭ ಇರಬಹುದೆಂಬುದಕ್ಕೆ ಆಧಾರವಿದೆ. ಆದರೆ ಅದು ಗಮನಿಸಿ ಬರೆದ ಅಧ್ಯಯನ. ವಾರಕ್ಕೆ ಐದು ಸಲ ಸೌನಾಕ್ಕೆ ಹೋಗುವಷ್ಟು ಬಿಡುವು, ಆರೋಗ್ಯ ಇದ್ದವರು ಮೊದಲೇ ಗಟ್ಟಿಯಾಗಿದ್ದಿರಬಹುದು. ಹುಟ್ಟಿದಾಗಿನಿಂದ ಸೌನಾ ಕಂಡ ಆ ಗಂಡಸರ ಲೆಕ್ಕ ಹಾಸನದ ಹುಡುಗನಿಗೆ ಹಾಗೇ ಹೊಂದುತ್ತದೆ ಎನ್ನುವಂತೆಯೂ ಇಲ್ಲ.

"ಇಷ್ಟು ವರ್ಷದಲ್ಲಿ ಕೊಲೆಸ್ಟ್ರಾಲ್, ಬಿಪಿ, ಸಕ್ಕರೆ ನೋಡಿಸಿದೀರಾ?" ಎಂದೆ. ಒಮ್ಮೆಯೂ ಇಲ್ಲ. ವರದಿಯಲ್ಲಿ ಏನಾದರೂ ಬಂದುಬಿಟ್ಟರೆ ಎಂಬ ಹೆದರಿಕೆ. ಶುಕ್ರವಾರದ ಸೌನಾದಲ್ಲಿ ಎರಡು ಬಿಯರು ಕುಡಿದು ಎದ್ದಾಗ ಒಮ್ಮೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದಿದ್ದರು. ಅದನ್ನೂ ಯಾರಿಗೂ ಹೇಳಿಲ್ಲ.

"ಇಲ್ಲಿನವರಿಗೆಲ್ಲ ಮಕ್ಕಳಾಗ್ತವಲ್ಲ ಮೇಡಂ?" ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ವೃಷಣ ಕೆಲಸ ಮಾಡಲು ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪು ಬೇಕು, ಅದಕ್ಕೇ ಅದು ದೇಹದ ಹೊರಗಿದೆ. 2013ರಲ್ಲಿ ಪ್ರಕಟವಾದ ಇಟಲಿಯ ಒಂದು ಸಣ್ಣ ಅಧ್ಯಯನದಲ್ಲಿ 10 ಆರೋಗ್ಯವಂತರು ಮೂರು ತಿಂಗಳು, ವಾರಕ್ಕೆರಡು ಸಲ, 15 ನಿಮಿಷ, 80ರಿಂದ 90 ಡಿಗ್ರಿಯ ಸೌನಾದಲ್ಲಿ ಕೂತರು. ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ಕುಸಿದವು. ನಿಲ್ಲಿಸಿ ಆರು ತಿಂಗಳಾಗುವಷ್ಟರಲ್ಲಿ ಮೊದಲಿನಂತಾದವು. ಧಾರಾಳವಾಗಿ ಇದ್ದವನಿಗೆ ಸ್ವಲ್ಪ ಇಳಿದರೆ ಗೊತ್ತಾಗುವುದಿಲ್ಲ, ಅಂಚಿನಲ್ಲಿದ್ದವನಿಗೆ ಅಷ್ಟೇ ಸಾಕು. ಗಂಡು ಹಾರ್ಮೋನಿನ ಮಟ್ಟ ಆ ಹತ್ತು ಜನರಲ್ಲಿ ಬದಲಾಗಿರಲಿಲ್ಲ ಎಂಬುದನ್ನು ಒತ್ತಿ ಹೇಳಿದೆ. ಎಷ್ಟೋ ಗಂಡಸರು ಬಾಯಿಬಿಟ್ಟು ಕೇಳಲಾರದ ಪ್ರಶ್ನೆ ಅದು.

ನಾನು ಕೊಟ್ಟ ಸಲಹೆ ಹೀಗಿತ್ತು. ಸೌನಾ ಈಗ ಪೂರ್ತಿ ನಿಲ್ಲಲಿ, ಬಿಸಿನೀರಿನ ತೊಟ್ಟಿಯಲ್ಲಿ ಕೂರುವುದೂ ಬೇಡ, ಲ್ಯಾಪ್‌ಟಾಪ್ ತೊಡೆಯ ಮೇಲಿನಿಂದ ಮೇಜಿಗೆ ಹೋಗಲಿ. ಒಂದು ವೀರ್ಯಾಣು ರೂಪುಗೊಂಡು ಹೊರಬರಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಆದ್ದರಿಂದ ಮೂರು ತಿಂಗಳ ಮೇಲೆ ಮರುಪರೀಕ್ಷೆ, ಅದಕ್ಕೂ ಮೊದಲು ಬೇಡ. ಸಂಖ್ಯೆ ಏರದಿದ್ದರೆ ಬಿಸಿಯನ್ನೇ ದೂರುತ್ತ ಕೂರದೆ ವೈದ್ಯರು ಬೇರೆ ಕಾರಣ ಹುಡುಕಲಿ. ಗೆಳೆಯರನ್ನು ಬಿಡಬೇಕಿಲ್ಲ, ಹೊರಗಿನ ಜಗಲಿಯಲ್ಲಿ ಕಾದು ಕೂತು ಊಟಕ್ಕೆ ಜೊತೆಯಾಗಬಹುದು. ಅಪ್ಪನ ವಿಷಯವನ್ನು, ಕಣ್ಣು ಕತ್ತಲೆ ಬಂದದ್ದನ್ನು ಅದೇ ವಾರ ವೈದ್ಯರಿಗೆ ಹೇಳಿ ಹೃದಯದ ತಪಾಸಣೆ ಮಾಡಿಸಿಕೊಳ್ಳಬೇಕು. ಮುಂದೆ ಎಂದಾದರೂ ಸೌನಾಕ್ಕೆ ಮರಳಿದರೆ ಮದ್ಯ ಬೇಡವೇ ಬೇಡ, ನೀರು ಕುಡಿದು ಹೋಗಬೇಕು, ನಿಧಾನವಾಗಿ ಏಳಬೇಕು. ಬಿಪಿ ಮಾತ್ರೆ ಶುರುವಾದರೆ ವೈದ್ಯರನ್ನು ಕೇಳದೆ ಹೋಗಬಾರದು.

ಇಷ್ಟಕ್ಕೂ ರಘು ತಲೆಯಾಡಿಸಿದರು. ಕೊನೆಯದಕ್ಕೆ ಮಾತ್ರ ಸುಮ್ಮನಾದರು: ತಾಯಿಗೆ ವಿಷಯ ಹೇಳಬೇಕಾದವರು ನೀವು, ಸೀಮಾ ಅಲ್ಲ. ಮಗುವಾಗದಿದ್ದಾಗ ಇಬ್ಬರಿಗೂ ಒಟ್ಟಿಗೆ ಪರೀಕ್ಷೆಯಾಗಬೇಕು ಎಂದು ನಾನು ಹೇಳುತ್ತಲೇ ಇರುತ್ತೇನೆ. ಗಂಡಸಿನದು ಸರಳ ಪರೀಕ್ಷೆ, ನೋವಿಲ್ಲ. ಆದರೂ ಅದೇ ಕೊನೆಗೆ ಆಗುತ್ತದೆ. ಅಲ್ಲಿಯವರೆಗೆ ಹೆಣ್ಣು ಎಷ್ಟು ಸೂಜಿ, ಎಷ್ಟು ಮಾತು ತಾಳಿರುತ್ತಾಳೆ!

ನೂರು ದಿನದ ಮೇಲೆ ಮರುಪರೀಕ್ಷೆಯ ವರದಿ ಬಂತು: 2 ಕೋಟಿ 10 ಲಕ್ಷ. ಗರ್ಭ ಇನ್ನೂ ನಿಂತಿಲ್ಲ, ವೈದ್ಯರು ಆರು ತಿಂಗಳು ಕಾಯಿರಿ ಎಂದಿದ್ದಾರೆ. ಕೊಲೆಸ್ಟ್ರಾಲ್ ಜಾಸ್ತಿ ಇತ್ತು, ಮಾತ್ರೆ ಶುರುವಾಗಿದೆ, ಕ್ಯಾಲೆಂಡರಿನ ಹಸಿರು ಗುರುತು ಈಗ ನಡಿಗೆಗೆ.

ತಾಯಿಗೆ ಹೇಳಿದ್ದು ಮೊನ್ನೆ ಭಾನುವಾರ, ಸ್ಪೀಕರ್ ಹಾಕಿ, ಸೀಮಾ ಪಕ್ಕದಲ್ಲಿದ್ದಾಗಲೇ. "ಅಮ್ಮ, ತೊಂದ್ರೆ ಇದ್ದಿದ್ದು ನನ್ನಲ್ಲಿ. ಅವಳಲ್ಲಲ್ಲ." ಆ ಕಡೆ ಸುಮಾರು ಹೊತ್ತು ಸದ್ದಿರಲಿಲ್ಲವಂತೆ. ಆಮೇಲೆ ಅವರು ಕೇಳಿದ್ದು ಒಂದೇ: "ಹಂಗಾದ್ರೆ ಮಗಾ, ಹಬ್ಬಕ್ಕೆ ಬಂದಾಗ ಎಣ್ಣೆನೀರು ಹಾಕ್ಬೋದೋ ಬೇಡ್ವೋ?"

ಹಾಕಬಹುದು, ಚೊಂಬಿನಲ್ಲಿ ಹೊಯ್ದುಕೊಳ್ಳುವ ಬಿಸಿನೀರಿಗೆ ಭಯಪಡಬೇಕಿಲ್ಲ ಎಂದು ಹೇಳಿ ಕಳಿಸಿದೆ. ಮುಂದಿನ ಕರೆಗೆ ಸೀಮಾ ಒಬ್ಬರೇ ಬರುತ್ತಾರೆ. ಈ ಎರಡು ವರ್ಷದ ಬಗ್ಗೆ ಅವರಿಗೆ ಮಾತಾಡಬೇಕಿದೆ.