ಪ್ರತಿ: ಹೊಸ ಏರ್ ರೈಫಲ್, ಟೆರೇಸ್ ಮೇಲೆ ಪ್ರಾಕ್ಟೀಸ್ ಮಾಡ್ಬಹುದಾ?

ಪ್ಯಾರಾಪೆಟ್ ಮೇಲೆ ಬಾಟ್ಲಿ ಇಟ್ಟು ಹೊಡೀಬಹುದಾ ಅಂತ ಕೇಳಿದೀರಲ್ಲ, ಬೇಡ ಸರ್. ಗುರಿ ತಪ್ಪಿದ ಪೆಲೆಟ್ಟು (ಅದ್ರ ಸಣ್ಣ ಗುಂಡು) ನೂರು ಮೀಟರ್ ಆಚೆ ಬಟ್ಟೆ ಒಣಹಾಕ್ತಿರೋರ ಕಣ್ಣಿಗೂ ಬೀಳ್ಬಹುದು. ಅಂಗಡಿಯವ್ರು ಲೈಸೆನ್ಸ್ ಬೇಡ ಅಂದಿರ್ತಾರೆ, ಹಾಗಂತ ಎಲ್ಲಿ ಬೇಕಾದ್ರೂ ಹೊಡೀಬಹುದು ಅಂತಲ್ಲ.

ಮನೆ ಒಳಗೇ ಮಾಡಿ. ಒಲಿಂಪಿಕ್ಸಲ್ಲಿ ಏರ್ ರೈಫಲ್‌ಗೆ 10 ಮೀಟರ್, ಅಂದ್ರೆ ಹತ್ತತ್ರ 33 ಅಡಿ, ನಿಮ್ದು 30-40 ಸೈಟು ಅಂದ್ರಲ್ಲ, ಹಾಲಿಂದ ಹಿತ್ತಲ ಬಾಗಿಲ ತನಕ ನೇರ ಸಿಕ್ರೆ ಆಯ್ತು, ಇಲ್ದಿದ್ರೆ 6 ಮೀಟ್ರಲ್ಲಿ ಚಿಕ್ಕ ಟಾರ್ಗೆಟ್ ಹಾಕ್ಕೊಳಿ, ಆ ದಾರಿಗೆ ತೆರೆಯೋ ಪಕ್ಕದ ಬಾಗಿಲಿಗೆಲ್ಲ ಚಿಲ್ಕ ಹಾಕಿ ಶುರು ಮಾಡಿ. ಟಾರ್ಗೆಟ್ ಹಿಂದೆ ಬರೀ ಹಲಗೆ ಇಡ್ಬೇಡಿ. ನಾನು ಇಟ್ಟಿದ್ದೆ, ಪೆಲೆಟ್ ವಾಪಸ್ ಹಾರಿ ಕೆನ್ನೆ ಸವರ್ಕೊಂಡು ಹೋಯ್ತು, ಕನ್ನಡಕ ಹಾಕಿದ್ದೆ ಅಂತ ಧೈರ್ಯ ಅಷ್ಟೇ. ರಟ್ಟಿನ ಡಬ್ಬಕ್ಕೆ ಹಳೇ ಬಟ್ಟೆ ಒತ್ತಿ ಒತ್ತಿ ತುಂಬಿ, ಅದ್ರ ಹಿಂದೆ ದಪ್ಪ ಕಬ್ಬಿಣದ ಪ್ಲೇಟ್ ಕೊಡಿ, ಒಂದೇ ಜಾಗಕ್ಕೆ ಬಿದ್ದು ಬಿದ್ದು ಡಬ್ಬ ತೂತಾಗತ್ತೆ, ಆಗಾಗ ನೋಡ್ತಿರಿ. ಪೆಲೆಟ್ಟು ಸೀಸದ್ದು, ಕೈ ತೊಳೀದೆ ಕಡ್ಲೆಕಾಯಿ ತಿನ್ನೋಕೆ ಕೂರ್ಬೇಡಿ (ನಮ್ಮನೇಲಿ ಇದಕ್ಕೇ ದಿನಾ ಜಗಳ).

ಆದ್ರೆ ಮೊದಲ ಒಂದು ತಿಂಗ್ಳು ಕೋಚ್ ಇರೋ ಶೂಟಿಂಗ್ ರೇಂಜ್‌ಗೆ ಹೋಗಿ. ರೈಫಲ್ ಮೂತಿ ಯಾವಾಗ್ಲೂ ಟಾರ್ಗೆಟ್ ಕಡೆ, ಹೊಡೆಯೋ ತನಕ ಬೆರಳು ಟ್ರಿಗರ್‌ನಿಂದ ಹೊರಗೆ, ಇದು ಯೂಟ್ಯೂಬ್ ನೋಡಿ ಕೈಗೆ ಹತ್ತಲ್ಲ, ಪಕ್ಕದಲ್ಲಿ ನಿಂತು ಬೈಯೋರು ಬೇಕು.