ಗಣಿತದಲ್ಲಿ ಫೇಲಾಗುವ ಹಂತದಲ್ಲಿರುವ ಹೈಸ್ಕೂಲ್ ಮಕ್ಕಳಿಗೆ ಪರಿಹಾರ ಬೋಧನೆ ಹೇಗೆ ಮಾಡಬೇಕು?

ಮೊದಲು 20 ನಿಮಿಷದ ಒಂದು ನೈದಾನಿಕ ಪರೀಕ್ಷೆ (ಮಗು ಎಲ್ಲಿ ಎಡವುತ್ತಿದೆ ಎಂದು ಪತ್ತೆಹಚ್ಚುವ ಪರೀಕ್ಷೆ) ಕೊಡಿ. ಪ್ರಶ್ನೆಗಳು ಈಗಿನ ಪಾಠದವು ಬೇಡ, ಎರಡು-ಮೂರು ತರಗತಿ ಕೆಳಗಿನವಿರಲಿ. ಅಂಕ ಕೂಡಿಸಿ ಸುಮ್ಮನಾಗದೆ ತಪ್ಪಿನ ಬಗೆ ನೋಡಿ. 1/2 + 1/3 = 2/5 ಎಂದು ಬರೆದವನಿಗೆ ಛೇದದ ಅರ್ಥವೇ ಆಗಿಲ್ಲ; ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಸರಿಯಾಗಿ ತೆಗೆದು ಕೂಡುವಾಗ ಎಡವಿದವನಿಗೆ ಅಭ್ಯಾಸ ಸಾಕು. ಬೀಜಗಣಿತ ಬರಲ್ಲ ಎನ್ನುವ ಎಷ್ಟೋ ಮಕ್ಕಳಿಗೆ ನಿಜಕ್ಕೂ ಬಾರದಿರುವುದು ಭಿನ್ನರಾಶಿ, ಋಣ ಸಂಖ್ಯೆ.

ಒಂದೇ ಬಗೆಯ ತಪ್ಪು ಮಾಡುವ 3ರಿಂದ 5 ಮಕ್ಕಳ ಗುಂಪು ಮಾಡಿ, ವಾರಕ್ಕೆ ಮೂರು ಸಲ 30–40 ನಿಮಿಷ ಕೂರಿಸಿ. ಮೊದಲ 5 ನಿಮಿಷ ಪುಸ್ತಕ ಮುಚ್ಚಿಸಿ ಹಳೆಯ ಪ್ರಶ್ನೆ ಕೇಳಿ. ಆಮೇಲೆ ಒಂದು ಲೆಕ್ಕ ಪೂರ್ತಿ ಬಿಡಿಸಿ ತೋರಿಸಿ. ಮುಂದಿನದರಲ್ಲಿ ಕೊನೆಯ ಹಂತ ಅವರೇ ಮಾಡಲಿ, ಅದರ ನಂತರದ್ದರಲ್ಲಿ ಕೊನೆಯ ಎರಡು.

ಅದೇ ಪಾಠವನ್ನು ಅದೇ ರೀತಿ ನಿಧಾನವಾಗಿ ಮತ್ತೆ ಹೇಳುವುದೇ ಸಾಮಾನ್ಯ ತಪ್ಪು. ಆಟದ ಅವಧಿ ಕಿತ್ತುಕೊಂಡರಂತೂ ಇದು ಶಿಕ್ಷೆಯಾಗಿ, ಮಕ್ಕಳು ಬರುವುದನ್ನೇ ಬಿಡುತ್ತಾರೆ. ಪರೀಕ್ಷೆಗೆ ತಿಂಗಳಷ್ಟೇ ಉಳಿದಿದ್ದರೆ ಎಲ್ಲವನ್ನೂ ತುಂಬಿಸಲು ಹೋಗಬೇಡಿ; ಹೆಚ್ಚು ಅಂಕದ, ಹಿಂದಿನ ಪಾಠಗಳ ಹಂಗು ಕಡಿಮೆಯಿರುವ ಎರಡು-ಮೂರು ಅಧ್ಯಾಯ ಆರಿಸಿಕೊಳ್ಳಿ. ಸಂಖ್ಯಾಶಾಸ್ತ್ರ ಸಾಮಾನ್ಯವಾಗಿ ಅಂಥದ್ದು.